ಕಾರ್ಪೆಟ್ ಏರಿಯಾ ಎಷ್ಟು?

ಸರ್ಜಾಪುರ ರಸ್ತೆಯಿರಲಿ, ಹೆಣ್ಣೂರಿರಲಿ, ಬೆಂಗಳೂರಿನ ಅಂಚಿನಲ್ಲಿ ಹೊಸ ಅಪಾರ್ಟ್‌ಮೆಂಟ್ ಮಾರುವ ರೀತಿ ಹೆಚ್ಚುಕಡಿಮೆ ಒಂದೇ. ಮೊದಲು ಮಾಡೆಲ್ ಫ್ಲಾಟ್, ಆಮೇಲೆ ಕ್ಲಬ್ ಹೌಸಿನ ಚಿತ್ರ, ಕೊನೆಗೆ ಕಾಸ್ಟ್ ಶೀಟ್. ಮಾಡೆಲ್ ಫ್ಲಾಟಿನ ಕೋಣೆಗಳಿಗೆ ಎಷ್ಟೋ ಕಡೆ ಬಾಗಿಲೇ ಇರುವುದಿಲ್ಲ, ಗೋಡೆ ತುಂಬ ಕನ್ನಡಿ ಇರುತ್ತದೆ. ಜಾಗ ದೊಡ್ಡದಾಗಿ ಕಾಣುತ್ತದೆ. ನಮ್ಮ ಮನೆಯ ಮಂಚ, ಬೀರುವಿನ ಅಳತೆ ಬರೆದುಕೊಂಡು ಹೋದರೆ ಮಾತ್ರ ನಿಜ ತಿಳಿಯುತ್ತದೆ.

ಕಾಸ್ಟ್ ಶೀಟನ್ನೇ ಒಂದು ಉದಾಹರಣೆಯಿಂದ ನೋಡೋಣ. ಫ್ಲಾಟ್ 1,500 ಚದರಡಿ, ದರ ಚದರಡಿಗೆ 9,000 ರೂಪಾಯಿ ಎಂದಿಟ್ಟುಕೊಳ್ಳಿ. ಒಟ್ಟು 1.35 ಕೋಟಿ. ಆದರೆ ಆ 1,500 ಸೂಪರ್ ಬಿಲ್ಟ್‌ಅಪ್ ಅಳತೆ. ಲಿಫ್ಟು, ಮೆಟ್ಟಿಲು, ಕಾರಿಡಾರುಗಳ ಪಾಲೂ ಅದರಲ್ಲಿದೆ. ಕಾರ್ಪೆಟ್ ಏರಿಯಾ 1,000 ಚದರಡಿಯಾದರೆ ನಾವು ಬಾಳುವ ಜಾಗಕ್ಕೆ ಬೀಳುವ ದರ 13,500. ಇನ್ನೂ ಕಟ್ಟುತ್ತಿರುವ ಮನೆಯಾದರೆ ಶೇ 5 ಜಿಎಸ್‌ಟಿ, ಅಂದರೆ 6.75 ಲಕ್ಷ. ಫ್ಲೋರ್ ರೈಸ್ (ಮೇಲಿನ ಮಹಡಿಗೆ ಕೇಳುವ ಹೆಚ್ಚಿನ ಹಣ), ಪಾರ್ಕಿಂಗ್, ಮುದ್ರಾಂಕ ಶುಲ್ಕ ಎಲ್ಲ ಬೇರೆ. ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿದೆ.

ಈ ಗೊಂದಲ ತಪ್ಪಲೆಂದೇ 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಕಾರ್ಪೆಟ್ ಏರಿಯಾ ಎಂದರೇನು ಎಂದು ಸ್ಪಷ್ಟವಾಗಿ ಹೇಳಿತು. ಒಳಗಿನ ಗೋಡೆಗಳು ಸೇರುತ್ತವೆ. ಹೊರಗೋಡೆ, ಬಾಲ್ಕನಿ ಸೇರುವುದಿಲ್ಲ. ಕರಾರುಪತ್ರದಲ್ಲಿ ಆ ಅಂಕಿ ಇರುತ್ತದೆ, ಆದರೆ ಮಾತುಕತೆಯೆಲ್ಲ ನಡೆಯುವುದು ಸೂಪರ್ ಬಿಲ್ಟ್‌ಅಪ್ ಲೆಕ್ಕದಲ್ಲೇ. ಜೀವಮಾನದ ಉಳಿತಾಯ ಹಾಕುವವರಿಗೆ ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಕಟ್ಟುವ ಕ್ರಮ ಸುಧಾರಿಸಿದೆ ಎಂಬುದನ್ನು ಒಪ್ಪಬೇಕು. ಮೈವಾನ್ ಎನ್ನುವ ಅಲ್ಯೂಮಿನಿಯಂ ಅಚ್ಚಿನ ಪದ್ಧತಿಯಲ್ಲಿ ಗೋಡೆ, ಛಾವಣಿ ಒಟ್ಟಿಗೇ ಕಾಂಕ್ರೀಟಿನಲ್ಲಿ ಏಳುತ್ತವೆ. ಕೆಲಸ ಬೇಗ ಸಾಗುತ್ತದೆ, ಮೂಲೆಗಳು ನೇರವಾಗಿರುತ್ತವೆ. ಆದರೆ ಆ ಗೋಡೆಗಳೇ ಕಟ್ಟಡದ ಭಾರ ಹೊರುವುದರಿಂದ ಮುಂದೆ ಅಡುಗೆಮನೆ ದೊಡ್ಡದು ಮಾಡಿಕೊಳ್ಳೋಣ ಎಂದರೆ ಆಗದು. ವೈರಿಂಗ್ ಪೈಪು ಕೂಡ ಕಾಂಕ್ರೀಟಿನೊಳಗೇ ಹೋಗಿರುತ್ತದೆ. ಇದನ್ನು ಬುಕಿಂಗ್ ಹೊತ್ತಿಗೇ ಕೇಳಿ ತಿಳಿಯಬೇಕು.

ನನ್ನ ದೊಡ್ಡ ತಕರಾರು ನೀರಿನದು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ದೊಡ್ಡ ದೊಡ್ಡ ಸಮುಚ್ಚಯಗಳೇ ಟ್ಯಾಂಕರಿಗೆ ಕಾದವು. ಆ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತದಿಂದ ದಿನಕ್ಕೆ 77.5 ಕೋಟಿ ಲೀಟರ್ ನೀರು ಬರಬೇಕು, ನಗರದ ಅಂಚಿನ 110 ಹಳ್ಳಿಗಳಿಗೂ ಸಿಗಬೇಕು. ಆದರೆ ಹಂತ ಮುಗಿದದ್ದು ಬೇರೆ, ನೀವು ಕೊಳ್ಳುವ ಕಟ್ಟಡಕ್ಕೆ ಸಂಪರ್ಕ ಸಿಕ್ಕಿದ್ದು ಬೇರೆ. ಈಜುಕೊಳಕ್ಕೆ ಬ್ರೋಷರಿನಲ್ಲಿ ಎರಡು ಪುಟ ಕೊಡುವವರು ಕುಡಿಯುವ ನೀರಿನ ಮೂಲಕ್ಕೆ ಎರಡು ಸಾಲನ್ನಾದರೂ ಕೊಡಬೇಡವೇ?

ಓಸಿ, ಅಂದರೆ ಸ್ವಾಧೀನಾನುಭವ ಪತ್ರ, ಬರುವ ಮೊದಲೇ ಕೀಲಿ ಕೈಗಿಡುವುದೂ ನಡೆದೇ ಇದೆ. ಆ ಪತ್ರವಿಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಗೃಹಪ್ರವೇಶದ ಮುಹೂರ್ತ ಮುಂದಕ್ಕೆ ಹೋದರೂ ಸರಿ, ಓಸಿ ನೋಡದೆ ಕೀಲಿ ತೆಗೆದುಕೊಳ್ಳಬೇಡಿ. ನೋಂದಾಯಿತ ಕರಾರು ಆಗುವವರೆಗೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಕೇಳುವ ಹಕ್ಕು ಬಿಲ್ಡರಿಗೆ ಇಲ್ಲ. ಕೇಳಿದರೆ ಕೊಡಬೇಡಿ.