ಜಾಲಬರಹವೂ ವಿದ್ಯಾಭ್ಯಾಸವೂ: ಸಂಸೆಯ ನೆಲೆಯಿಂದ ಒಂದು ವಿಚಾರ

ಬ್ಲಾಗು, ವಿಕಿ, ಸಾಮಾಜಿಕ ಜಾಲತಾಣ ಮೊದಲಾದವುಗಳ ಮೂಲಕ ವಿದ್ಯಾಭ್ಯಾಸ ನಡೆಯಬಹುದೇ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಸಾಮಾನ್ಯವಾಗಿ ನಗರದ ಕಾಲೇಜನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಲಾಗುತ್ತದೆ. ಉತ್ತರವೂ ಅದಕ್ಕೆ ತಕ್ಕಂತೆಯೇ ಬರುತ್ತದೆ. ಅದೇ ಪ್ರಶ್ನೆಯನ್ನು ಕಳಸಕ್ಕೂ ಕುದುರೆಮುಖಕ್ಕೂ ನಡುವೆ, ಕಾಫಿತೋಟಗಳ ಮಗ್ಗುಲಲ್ಲಿರುವ ಸಂಸೆಯಂಥ ಊರಿನಿಂದ ಕೇಳಿದರೆ ಈ ಸಾಧನಗಳ ತಾರತಮ್ಯ ಬೇರೆಯಾಗಿ ತೋರುತ್ತದೆಂಬುದು ನಮ್ಮ ಅಭಿಪ್ರಾಯ.

2020ರ ಮಾರ್ಚ್ ತಿಂಗಳಿನಲ್ಲಿ ಶಾಲೆ ಕಾಲೇಜುಗಳು ಮುಚ್ಚಿದ ಮೇಲೆ ಪಾಠಗಳು ಮೊಬೈಲಿಗೆ ಬಂದವು. ಮಲೆನಾಡಿನ ವಿದ್ಯಾರ್ಥಿಗಳು ನೆಟ್‌ವರ್ಕ್ ಅರಸಿಕೊಂಡು ಗುಡ್ಡ ಹತ್ತಿದ ಸುದ್ದಿಯನ್ನು ಆಗ ಎಲ್ಲರೂ ಓದಿದ್ದಾರೆ. ಆದರೆ ತೊಡಕು ಸಂಕೇತದ್ದಷ್ಟೇ ಆಗಿರಲಿಲ್ಲ. ತೋಟದ ಲೈನ್ ಮನೆಯಲ್ಲಿ ಒಂದೇ ಫೋನು ಇದ್ದರೆ ಅದು ಬೆಳಗ್ಗೆ ಕೆಲಸಕ್ಕೆ ಹೋದವರ ಜೇಬಿನಲ್ಲಿರುತ್ತದೆ. ಹತ್ತು ಗಂಟೆಯ ನೇರ ಪಾಠ ಮನೆಯಲ್ಲಿಲ್ಲದ ಯಂತ್ರಕ್ಕೆ ನಡೆಯುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ತು ಹೋದರೆ ಆ ಫೋನೂ ಆರಿಹೋಗುತ್ತದೆ. ಆ ವರ್ಷದ ಆಗಸ್ಟ್‌ನಲ್ಲಿ ಸರ್ಕಾರ ಆರಂಭಿಸಿದ ‘ವಿದ್ಯಾಗಮ’ವು ಮಕ್ಕಳನ್ನು ಯಾವ ಸಾಧನವೂ ಇಲ್ಲದವರು, ಸಾಧಾರಣ ಫೋನಿರುವವರು, ಅಂತರಜಾಲವುಳ್ಳ ಫೋನಿರುವವರು ಎಂದು ವಿಂಗಡಿಸಿ, ಅಧ್ಯಾಪಕರನ್ನೇ ಊರಿಗೆ ಕಳುಹಿಸಿತು. ಅಕ್ಟೋಬರ್‌ನಲ್ಲಿ ಅದು ಸೋಂಕಿನ ಭಯದಿಂದ ಸ್ಥಗಿತಗೊಂಡಿತು. ಆ ವಿಂಗಡಣೆ ಮಾತ್ರ ಸರಿಯಾದುದೆಂದೇ ನಾವು ತಿಳಿಯುತ್ತೇವೆ.

ಇಲ್ಲಿ ಬರಹದ ಹಿರಿಮೆ ಕಾಣುತ್ತದೆ. ಕನ್ನಡದ ಒಂದೊಂದು ಸಂಕೇತಕ್ಕೆ ಯುನಿಕೋಡ್‌ನ ಪ್ರಚಲಿತ ರೂಪದಲ್ಲಿ 3 ಬೈಟುಗಳು ಬೇಕು. ಸಾವಿರ ಪದಗಳ ಒಂದು ಪಾಠ ಹೆಚ್ಚೆಂದರೆ ಕೆಲವು ಹತ್ತು ಕಿಲೋಬೈಟುಗಳಲ್ಲಿ ಮುಗಿಯುತ್ತದೆ. ಒಂದು ಗಂಟೆಯ ಚಲನಚಿತ್ರಪಾಠಕ್ಕೆ ನೂರಾರು ಮೆಗಾಬೈಟು ಬೇಕಾಗಬಹುದು. ಮೇಲಾಗಿ ಬರಹ ಕಾಯಬಲ್ಲುದು. ಸಂಜೆ ಫೋನು ಮನೆಗೆ ಬಂದಾಗ, ಕ್ಷೀಣವಾದ ಸಂಕೇತದಲ್ಲಿಯೂ ಅದು ಬಂದು ಸೇರುತ್ತದೆ. ಒಮ್ಮೆ ಇಳಿಸಿಕೊಂಡರೆ ಸಂಕೇತದ ಹಂಗೂ ಇಲ್ಲ. ನೇರ ಪಾಠವನ್ನೇ ಮುಂದುವರಿದ ಕ್ರಮವೆಂದು ಕೊಂಡಾಡಿ, ಬ್ಲಾಗನ್ನು ಹಳತೆಂದು ಬದಿಗೊತ್ತುವ ವಿದ್ವಾಂಸರು ಈ ಸರಳ ಲೆಕ್ಕವನ್ನು ಮಾಡಿದಂತಿಲ್ಲ.

ಹಾಗೆಂದು ಬ್ಲಾಗನ್ನು ಹಾಗೆಯೇ ಒಪ್ಪುವಂತಿಲ್ಲ. 1998ರಲ್ಲಿ ಬಂದ ‘ಬರಹ’ ತಂತ್ರಾಂಶ ಕನ್ನಡಿಗರ ಬೆರಳಿಗೆ ಕಂಪ್ಯೂಟರನ್ನು ಒಗ್ಗಿಸಿತು. 2005ರಲ್ಲಿ ಹರಿಪ್ರಸಾದ್ ನಾಡಿಗರು ಆರಂಭಿಸಿದ ‘ಸಂಪದ’ದಲ್ಲಿ ವೃತ್ತಿ ಲೇಖಕರಲ್ಲದ ಅನೇಕರು ಬರೆಯತೊಡಗಿದರು. ಈ ಉತ್ಸಾಹದ ಬೆಲೆಯನ್ನು ಕಡಮೆಮಾಡುವುದು ನಮ್ಮ ಉದ್ದೇಶವಲ್ಲ. ಆದರೆ ಬ್ಲಾಗಿನ ರಚನೆಯಲ್ಲಿಯೇ ಒಂದು ಕೊರತೆಯಿದೆ: ಅದು ಬರಹಗಳನ್ನು ದಿನಾಂಕದಿಂದ ಜೋಡಿಸುತ್ತದೆ, ವಿಷಯಕ್ರಮದಿಂದಲ್ಲ. ಹೊಸದು ಮೇಲೆ ನಿಲ್ಲುತ್ತದೆ, ಮೊದಲು ಓದಬೇಕಾದುದು ತಳಕ್ಕೆ ಇಳಿಯುತ್ತದೆ. ಛಂದಸ್ಸನ್ನು ಕಲಿಯಬಂದವನಿಗೆ ಷಟ್ಪದಿ ಮೊದಲು, ಮಾತ್ರಾಗಣ ಕೊನೆಗೆ ಸಿಕ್ಕಿದರೆ ಅವನು ಏನು ಮಾಡಬೇಕು? ಇನ್ನು ಕೆಳಗಿನ ಪ್ರತಿಕ್ರಿಯೆಗಳಲ್ಲಿ ಬಹುಪಾಲು ‘ಚೆನ್ನಾಗಿದೆ’ ಎಂಬ ಶ್ಲಾಘನೆಗೆ ಮುಗಿಯುತ್ತವೆ. ತಪ್ಪಿದ್ದರೆ ತಿದ್ದಿಕೊಂಡು ಓದಬೇಕೆಂದು ಬೇಡಿಕೊಳ್ಳುವುದು ನಮ್ಮ ಓಲೆಗರಿಯ ಲಿಪಿಕಾರರ ವಾಡಿಕೆಯಾಗಿತ್ತು. ಬ್ಲಾಗಿನ ಓದುಗನಿಗೆ ತಿದ್ದುವ ಅಧಿಕಾರವಿಲ್ಲ, ಟಿಪ್ಪಣಿ ಬರೆಯುವ ಅವಕಾಶ ಮಾತ್ರ ಇದೆ.

ವಾಟ್ಸಾಪ್ ಗುಂಪಿನ ಸ್ಥಿತಿ ಇದಕ್ಕಿಂತಲೂ ಕನಿಷ್ಠ. ಟಿಪ್ಪಣಿಯ ಚಿತ್ರವೋ ಹಳೆಯ ಫಾಂಟಿನ ಕಡತವೋ ಒಂದು ದಿನ ಹರಿದುಬಂದು ಮರುದಿನ ಮೇಲಕ್ಕೆ ಸರಿದುಹೋಗುತ್ತದೆ. ಚಿತ್ರದಲ್ಲಿರುವ ಪದವನ್ನು ಹುಡುಕಿದರೆ ಸುಲಭವಾಗಿ ಸಿಕ್ಕುವುದಿಲ್ಲ. ಮುಂದಿನ ವರ್ಷದ ತರಗತಿಗೆ ಅದು ಇಲ್ಲವೆಂದೇ ಅರ್ಥ.

ಈ ಕೊರತೆಯನ್ನು ವಿಕಿಯ ಕ್ರಮ ಬಹುಮಟ್ಟಿಗೆ ತುಂಬುತ್ತದೆ. ಅಲ್ಲಿ ಪುಟ ವಿಷಯದ ಹೆಸರಿನಲ್ಲಿ ನಿಲ್ಲುತ್ತದೆ. ಯಾರು, ಯಾವಾಗ, ಏನನ್ನು ತಿದ್ದಿದರೆಂಬುದು ಇತಿಹಾಸವಾಗಿ ಉಳಿಯುತ್ತದೆ. ಪಾಠಾಂತರಗಳನ್ನು ಗುರುತಿಸುವ ಶಿಸ್ತು ಕಲಿತ ನಮ್ಮ ವಿದ್ಯಾರ್ಥಿಗಳಿಗೆ ಇದು ಅಪರಿಚಿತವಾಗಬಾರದು. ಕನ್ನಡ ವಿಕಿಪೀಡಿಯ 2003ರಿಂದ ಇದೆ. ನಮ್ಮ ರಾಜ್ಯದ ಪ್ರೌಢಶಾಲಾ ಅಧ್ಯಾಪಕರು 2011ರಿಂದ ‘ವಿಷಯ ಶಿಕ್ಷಕರ ವೇದಿಕೆ’ಯಲ್ಲಿ ಇ-ಪತ್ರಗಳ ಮೂಲಕ ಪರಸ್ಪರ ಪ್ರಶ್ನೆ ಕೇಳಿಕೊಂಡರು; 2013ರ ಸುಮಾರಿಗೆ ಡಿ.ಎಸ್.ಇ.ಆರ್.ಟಿ. ಮತ್ತು ‘ಐಟಿ ಫಾರ್ ಚೇಂಜ್’ ಸಂಸ್ಥೆಯ ಸಹಯೋಗದಲ್ಲಿ ರೂಪುಗೊಂಡ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ವು ಅಧ್ಯಾಪಕರ ಪಾಠಸಾಮಗ್ರಿಯನ್ನು ವಿಕಿಯ ರೂಪದಲ್ಲಿ ಕೂಡಿಸಿತು. ಪತ್ರದಲ್ಲಿ ಹರಿದ ಮಾತು ಪುಟದಲ್ಲಿ ನೆಲೆನಿಂತ ಈ ಕ್ರಮವನ್ನು ನಾವು ವಿಶೇಷವಾಗಿ ಗಮನಿಸಬೇಕು. ಶಾಲೆಯವರು ಮಾಡಿದ್ದನ್ನು ಕಾಲೇಜಿನವರು ಇನ್ನೂ ಹೆಚ್ಚಾಗಿ ಅನುಸರಿಸಿಲ್ಲವೆಂಬುದು ಸಂಕೋಚದ ಸಂಗತಿ. ಪದವಿಯ ಮಟ್ಟದಲ್ಲಿ ವಿದ್ಯಾರ್ಥಿಗಳಿಂದ ವಿಕಿಪೀಡಿಯಕ್ಕೆ ಬರೆಸಿದ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಂಥ ನಿದರ್ಶನಗಳು ಇಲ್ಲದಿಲ್ಲ, ಅವು ಕಡಮೆ.

ಬ್ಲಾಗಿಗೆ ಹಾಗಾದರೆ ಉಳಿಯುವ ಕೆಲಸವೇನು? ಬರೆಯಲು ಕಲಿಸುವುದು. ಸ್ವಂತ ಹೆಸರಿನಲ್ಲಿ, ಅಪರಿಚಿತ ಓದುಗನ ಎದುರಿಗೆ ವಾಕ್ಯವನ್ನು ನಿಲ್ಲಿಸುವ ಹೊಣೆಯನ್ನು ಪರೀಕ್ಷೆಯ ಉತ್ತರಪತ್ರಿಕೆ ಕಲಿಸಲಾರದು. ಮೂಡಿಗೆರೆಯಲ್ಲಿ ನೆಲಸಿ, ಕಂಪ್ಯೂಟರಿನಲ್ಲಿ ಕನ್ನಡ ನೆಲೆಗೊಳ್ಳಬೇಕೆಂದು ಶ್ರಮಿಸಿದ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಂಡರು. ಅವರ ನೆರೆಯ ಬೆಟ್ಟಗಳ ಮಕ್ಕಳಿಗೆ ಇಂದು ಕನ್ನಡದ ಕೀಲಿಮಣೆ ಅಂಗೈಯಲ್ಲಿದೆ. ಅದರಿಂದ ಬರೆಯುವ ವಿಷಯವನ್ನು ನಾವು ಕೊಟ್ಟಿಲ್ಲ.

ಒಂದು ಸೂಚನೆಯನ್ನು ಮಾಡಬಹುದು. ಕಾನು, ಹಾಡ್ಯ, ಹಡ್ಲು, ಅಬ್ಬಿ ಮೊದಲಾದ ನೆಲದ ಮಾತುಗಳು ಸಂಸೆಯ ಮನೆಗಳಲ್ಲಿ ಹೇಗೆ ಬಳಕೆಯಾಗುತ್ತವೆಂಬುದನ್ನು ವಿದ್ಯಾರ್ಥಿ ಮೊದಲು ತನ್ನ ಬ್ಲಾಗಿನಲ್ಲಿ ಬರೆಯಲಿ. ಬೇರೊಂದು ಊರಿನ ವಿದ್ಯಾರ್ಥಿ ತನ್ನ ಸೀಮೆಯ ಅರ್ಥವನ್ನಿಟ್ಟು ಆಕ್ಷೇಪಿಸಲಿ. ಇತ್ಯರ್ಥವಾದುದು ವಿಕಿಯ ಪುಟಕ್ಕೆ ಹೋಗಲಿ, ಮುಂದಿನ ವರ್ಷದವರು ಅಲ್ಲಿಂದ ಮುಂದುವರಿಸಲಿ. ಇತರರದನ್ನು ನಕಲುಮಾಡಿ ಅಂಟಿಸುವ ಚಾಳಿಗೆ ಇಲ್ಲಿ ಎಡೆ ಕಡಮೆ, ಏಕೆಂದರೆ ನಕಲಿಗೆ ಮೂಲವೇ ದೊರೆಯುವುದು ದುರ್ಲಭ. ಇದಕ್ಕೆ ಅಧ್ಯಾಪಕರ ವೇಳೆ ಬೇಕು, ಮತ್ತು ಬರೆದವನಿಗೆ ಕೊಡುವಷ್ಟೇ ಅಂಕ ತಿದ್ದಿದವನಿಗೂ ಸಲ್ಲುವಂತೆ ಆಂತರಿಕ ಮೌಲ್ಯಮಾಪನದ ನಿಯಮವನ್ನು ಅಧ್ಯಯನ ಮಂಡಳಿಗಳು ಮಾರ್ಪಡಿಸಬೇಕು.