ಅಂಜಿಕೆಯನ್ನು ಅಳೆದ ಅರಿವು: ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ

ಶೂನ್ಯಸಂಪಾದನೆಯ ಪ್ರಸಂಗಗಳಲ್ಲಿ ಜನಸಾಮಾನ್ಯರ ನಾಲಿಗೆಯ ಮೇಲೆ ಹೆಚ್ಚಾಗಿ ನಿಂತವುಗಳಲ್ಲಿ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮರ ಪ್ರಸಂಗವೂ ಒಂದು. ಪುರಾಣ-ಪ್ರವಚನಗಳಲ್ಲಿ, ಶಾಲೆಯ ಪಾಠಗಳಲ್ಲಿ, ನಾಟಕಗಳಲ್ಲಿ ಅದು ಮತ್ತೆ ಮತ್ತೆ ಬಂದಿದೆ. ಇಷ್ಟು ಪರಿಚಿತವಾದ ಪ್ರಸಂಗಕ್ಕೆ ಒಂದು ಅಪಾಯವೂ ಉಂಟು. ಕಥೆ ಗೊತ್ತಿದೆಯೆಂಬ ನೆಮ್ಮದಿಯಲ್ಲಿ ಅದರ ಮಾತುಗಳನ್ನು ಓದುವುದನ್ನೇ ನಾವು ಬಿಟ್ಟುಬಿಡುತ್ತೇವೆ. ಅತಿಯಾಸೆ ಬೇಡವೆಂಬ ನೀತಿಯೊಂದನ್ನು ಅದರ ಕೊರಳಿಗೆ ಕಟ್ಟಿ ಮುಂದೆ ಸಾಗುತ್ತೇವೆ. ಆ ನೀತಿ ತಪ್ಪೇನೂ ಅಲ್ಲ. ಆದರೆ ಅಷ್ಟಕ್ಕೆ ಪ್ರಸಂಗದ ಅರ್ಥ ಮುಗಿಯಿತೇ? ಆಸೆಯ ಬೆನ್ನಿಗೆ ಅಡಗಿ ಕುಳಿತ ನಿತ್ಯದ ಅಂಜಿಕೆಯನ್ನು, ನಾಳೆ ಏನಾದೀತೋ ಎಂಬ ಅಂಜಿಕೆಯನ್ನು, ಲಕ್ಕಮ್ಮ ಕಂಡುಹಿಡಿದಳೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಆಧಾರವೇನೆಂಬುದನ್ನು ವಾಚಕರ ಮುಂದಿಟ್ಟು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಮಾರಯ್ಯ ದಂಪತಿಗಳು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಅದು ಕೃಷ್ಣಾ-ತುಂಗಭದ್ರೆಗಳ ನಡುವಣ ನಾಡು. ಎರಡು ನದಿಗಳ ನಡುವೆ ಇದ್ದೂ ಮಳೆಗಾಗಿ ಮುಗಿಲು ನೋಡುವ ನಾಡು. ೧೮೭೬-೭೮ರ ಭೀಕರ ಕ್ಷಾಮದ ನೆನಪು ಆ ಭಾಗದಲ್ಲಿ ತಲೆಮಾರುಗಳವರೆಗೆ ಉಳಿದುಬಂದಿತು. ಅಂಥ ನೆಲದ ಮಕ್ಕಳಿಗೆ ಒಂದು ಹಿಡಿ ಧಾನ್ಯದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಲ್ಯಾಣದಲ್ಲಿ ಮಾರಯ್ಯ ಕೈಕೊಂಡ ಕಾಯಕವೆಂದರೆ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಆ ಅಕ್ಕಿಯಿಂದಲೇ ಲಕ್ಕಮ್ಮ ಅಡುಗೆ ಮಾಡಿ, ಜಂಗಮಕ್ಕೆ ನೀಡಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದು ಅವರ ನಿತ್ಯದ ನಡೆ. ಒಂದು ದಿನ ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಚೆಲ್ಲಿತ್ತು. ಅದು ಬಸವಣ್ಣನವರ ಇಚ್ಛೆಯಿಂದಲೇ ಆದುದೆಂದು ಪ್ರಚಲಿತ ಕಥೆ ಹೇಳುತ್ತದೆ. ಮಾರಯ್ಯ ಎಲ್ಲವನ್ನೂ ಆಯ್ದು ಮನೆಗೆ ತಂದ. ಲಕ್ಕಮ್ಮ ಅದನ್ನು ನೋಡಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಅವನನ್ನು ಹಿಂದಕ್ಕೆ ಕಳುಹಿಸಿದಳು.

ಕಥೆಯ ಹೊರಮೈ ಇಷ್ಟು. ಇಲ್ಲಿ ಗಮನಿಸಬೇಕಾದ ಮೊದಲ ಅಂಶ, ಮಾರಯ್ಯ ಹೆಚ್ಚು ಅಕ್ಕಿಯನ್ನು ಏಕೆ ತಂದನೆಂಬ ಬಗ್ಗೆ ಕಥೆ ತಾಳುವ ಮೌನ. ಅವನು ಲೋಭಿಯೆಂದು ಎಲ್ಲಿಯೂ ಹೇಳಿಲ್ಲ. ಅವನ ವಚನಗಳನ್ನು ಓದಿದವರು ಹಾಗೆ ಹೇಳಲೂ ಆರರು. ಕಾಯಕದಲ್ಲಿ ತೊಡಗಿದವನು ಗುರು-ಲಿಂಗ-ಜಂಗಮಗಳ ಹಂಗನ್ನೂ ಮರೆಯಬೇಕೆಂಬಷ್ಟು ನಿಷ್ಠುರವಾದ ನಿಲುವು ಅವನದು. ಅಂಥ ನಿಷ್ಠಾವಂತನ ಮಡಿಲಿಗೆ ಎರಡನೆಯ ಹಿಡಿ ಹೇಗೆ ಬಂದಿತು? ನೆಲದ ಮೇಲೆ ಬಿದ್ದಿತ್ತು, ಕೈಗೆ ಸಿಕ್ಕಿತು, ನಾಳೆಗಾದೀತು ಎಂಬ ಭಾವದಲ್ಲಿ ಬಂದಿತೆಂದು ಊಹಿಸುವುದೇ ಸಹಜ. ಲೋಭ ಗಟ್ಟಿಯಾಗಿ ಕಾಲಿಟ್ಟು ಬರುತ್ತದೆ, ಕೇಳಿಸುತ್ತದೆ. ಅಂಜಿಕೆಯ ಹೆಜ್ಜೆಸಪ್ಪಳ ಕೇಳಿಸುವುದಿಲ್ಲ. ಅದು ಜಾಣತನದ, ಜವಾಬ್ದಾರಿಯ, ಹೆಂಡತಿ-ಮಕ್ಕಳ ಮೇಲಣ ಮಮತೆಯ ವೇಷದಲ್ಲಿ ಮನೆಯೊಳಗೆ ಬರುತ್ತದೆ.

ಎರಡನೆಯ ಅಂಶ ಲಕ್ಕಮ್ಮನ ಮಾತಿನ ಬಗೆ. ಆಕೆ ಗಂಡನನ್ನು ಕಳ್ಳನೆಂದೂ ಕರೆಯುವುದಿಲ್ಲ, ದುರಾಸೆಯವನೆಂದೂ ಹಳಿಯುವುದಿಲ್ಲ. ಒಂದು ಮನಸ್ಸಿನಿಂದ ಹೋದವನು ಎರಡು ಮನಸ್ಸಿನಿಂದ ತಂದಿರುವನೆಂದು ಆಕೆಯ ಆಕ್ಷೇಪ. ಅದರ ಜೊತೆಗೆ ಇನ್ನೂ ಒಂದು ಪ್ರಶ್ನೆ: ಈ ಮನಸ್ಸು ನಿನ್ನದೇ, ಇಲ್ಲವೆ ಬಸವಣ್ಣನ ಸಂದೇಹವೇ? ವಚನವಾಙ್ಮಯದಲ್ಲಿ ಇಷ್ಟು ಸೂಕ್ಷ್ಮವಾದ ಮನಃಪರೀಕ್ಷೆ ವಿರಳ. ಎರಡು ಮನಸ್ಸೆಂದರೇನು? ಒಂದು ಇಂದಿನ ಕಾಯಕದಲ್ಲಿದೆ, ಇನ್ನೊಂದು ನಾಳಿನ ಹಸಿವಿನಲ್ಲಿದೆ. ಒಂದು ಲಿಂಗವನ್ನು ನೆಚ್ಚಿದೆ, ಇನ್ನೊಂದು ಗಡಿಗೆಯನ್ನು ನೆಚ್ಚಿದೆ.

ಇಲ್ಲಿ ವಾಚಕರು ಒಂದು ಆಕ್ಷೇಪವನ್ನೆತ್ತಬಹುದು. ಲಕ್ಕಮ್ಮನ ವಚನಗಳಲ್ಲಿ ಬರುವ ಪದ ಆಸೆ. ಭಯವೆಂಬ ಪದವನ್ನು ನೀವು ಹೊರಗಿನಿಂದ ತಂದು ಸೇರಿಸುತ್ತಿದ್ದೀರಲ್ಲ, ಎಂದು. ಆಕ್ಷೇಪ ನ್ಯಾಯವಾದುದು. ಆಸೆ ಅರಸರಿಗೆ ಒಪ್ಪುವುದೇ ಹೊರತು ಶಿವಭಕ್ತರಿಗಲ್ಲವೆಂಬುದು ಆಕೆಯ ಪ್ರಸಿದ್ಧ ನಿಲುವು. ಆದರೆ ಆಸೆಯನ್ನು ಅರಸನೊಡನೆ ಇಟ್ಟು ನೋಡಿದ ಈ ಹೋಲಿಕೆಯನ್ನೇ ತುಸು ನಿಂತು ಪರಿಶೀಲಿಸಬೇಕು. ಅರಸನಿಗೆ ಕೊರತೆಯೇನಿದೆ? ಕಣಜ ತುಂಬಿದೆ, ಭಂಡಾರ ತುಂಬಿದೆ. ಆದರೂ ಅವನ ಆಸೆ ಅಡಗದು. ಏಕೆಂದರೆ ಇರುವುದು ಕೈಬಿಟ್ಟೀತೆಂಬ ಅಂಜಿಕೆ ಅವನನ್ನು ಮಲಗಗೊಡದು. ಕೋಟೆ, ಕಾವಲು, ಕಪ್ಪ-ಕಾಣಿಕೆ ಇವೆಲ್ಲ ಆ ಅಂಜಿಕೆಯ ಕಟ್ಟಡಗಳೇ. ಬಡವನ ಮಡಿಲಿಗೆ ಬಂದ ಎರಡನೆಯ ಹಿಡಿಯಲ್ಲಿ ಲಕ್ಕಮ್ಮ ಆ ಅರಸುತನದ ಬೀಜವನ್ನು ಕಂಡಳು. ಆಸೆ ಹೊರಗೆ ಚಾಚಿದ ಕೈಯಾದರೆ ಅಂಜಿಕೆ ಆ ಕೈಯನ್ನು ಒಳಗಿನಿಂದ ದೂಡುವ ಬಲ. ವಚನದ ಪದ ಆಸೆಯೇ ಆದರೂ ಅದರ ನಾಡಿಯಲ್ಲಿ ಮಿಡಿಯುವುದು ಅಂಜಿಕೆಯೇ.

ಭಯದ ಹುಟ್ಟನ್ನು ಕುರಿತು ನಮ್ಮ ಶಾಸ್ತ್ರಗಳು ಬಹು ಹಿಂದೆಯೇ ಚಿಂತಿಸಿವೆ. ಬೃಹದಾರಣ್ಯಕೋಪನಿಷತ್ತಿನಲ್ಲಿ ಏಕಾಕಿಯಾಗಿದ್ದ ಆದಿಪುರುಷ ಅಂಜಿದನೆಂದೂ, ತನ್ನ ಹೊರತು ಬೇರೊಂದಿಲ್ಲವಾದ ಮೇಲೆ ಅಂಜುವುದು ಯಾರಿಗೆಂದು ವಿಚಾರಿಸಿದೊಡನೆ ಅವನ ಭಯ ತೊಲಗಿತೆಂದೂ ಹೇಳಿದೆ. ಎರಡನೆಯದೊಂದು ಇದ್ದರೆ ತಾನೆ ಭಯ ಎಂಬುದು ಅಲ್ಲಿಯ ನಿರ್ಣಯ. ಭಗವದ್ಗೀತೆಯ ಹದಿನಾರನೆಯ ಅಧ್ಯಾಯ ದೈವೀಸಂಪತ್ತನ್ನು ಎಣಿಸುವಾಗ ಮೊದಲು ಹೆಸರಿಸುವುದು ಅಭಯವನ್ನೇ. ಲಕ್ಕಮ್ಮ ಉಪನಿಷತ್ತನ್ನು ಓದಿದ್ದಳೋ ಇಲ್ಲವೋ ಎಂಬ ಚರ್ಚೆ ಇಲ್ಲಿ ಅನವಶ್ಯಕ. ಅಲ್ಲಿ ಎರಡನೆಯ ವಸ್ತುವಿನ ಮಾತಿದೆ, ಇಲ್ಲಿ ಎರಡನೆಯ ಮನಸ್ಸಿನ ಮಾತಿದೆ. ಎರಡೂ ಕಡೆ ರೋಗನಿದಾನ ಒಂದೇ. ಚಿಕಿತ್ಸೆಯಲ್ಲಿ ಮಾತ್ರ ಭೇದವಿದೆ. ಅಲ್ಲಿ ಭಯ ವಿಚಾರದಿಂದ ಹೋಯಿತು. ಇಲ್ಲಿ ವಿಚಾರ ಸಾಲದು, ಅಕ್ಕಿಯನ್ನು ಹೊತ್ತುಕೊಂಡು ಹೋಗಿ ಸುರಿದು ಬರಬೇಕು. ಅರಿವು ಆಚಾರದಲ್ಲಿ ಇಳಿಯದಿದ್ದರೆ ಅದು ಅರಿವೇ ಅಲ್ಲವೆಂಬ ಶರಣರ ತತ್ತ್ವ ಈ ಸಣ್ಣ ನಡಿಗೆಯಲ್ಲಿ ಮೂರ್ತಿಗೊಂಡಿದೆ. ತತ್ತ್ವಗ್ರಂಥಗಳು ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲವನ್ನು ವಿವರಿಸಲು ಪುಟಗಟ್ಟಲೆ ಬರೆಯುತ್ತವೆ. ಬಂದುದನ್ನು ಪ್ರಸಾದವೆಂದು ಕಾಣುವವನಿಗೆ ನಾಳೆಯೂ ಪ್ರಸಾದವೇ ಎಂಬುದನ್ನು ಲಕ್ಕಮ್ಮ ಒಲೆಯ ಮುಂದೆ ನಿಂತು ಹೇಳಿದಳು.

ಒಲೆಯ ಮುಂದೆ ಎಂದದ್ದಕ್ಕೆ ಕಾರಣವಿದೆ. ಲಕ್ಕಮ್ಮನಿಗೆ ಈ ಅರಿವು ದೊರೆತದ್ದು ಧ್ಯಾನದಲ್ಲೆಂದು ಕಥೆ ಹೇಳುವುದಿಲ್ಲ, ದೈವವಾಣಿಯಿಂದಲೂ ಅಲ್ಲ. ದಿನವೂ ಅಕ್ಕಿ ಅಳೆದು ಎಸರಿಗೆ ಹಾಕುವ ಕೈ ಅದು. ಎಷ್ಟು ಸಾಕೆಂಬುದು ಆ ಕೈಗೆ ಗೊತ್ತು. ಆದ್ದರಿಂದ ಎಷ್ಟು ಹೆಚ್ಚೆಂಬುದೂ ಗೊತ್ತು. ಕೆಲವರು ಈ ಪ್ರಸಂಗವನ್ನು ವ್ಯಾಖ್ಯಾನಿಸುವಾಗ ಲಕ್ಕಮ್ಮನನ್ನು ಆದರ್ಶ ಗೃಹಿಣಿಯೆಂದು, ಪತಿಯನ್ನು ತಿದ್ದಿದ ಸಾಧ್ವಿಯೆಂದು ಹೊಗಳಿ ಅಲ್ಲಿಗೇ ನಿಲ್ಲುತ್ತಾರೆ. ಆ ಹೊಗಳಿಕೆಯಲ್ಲಿ ಆಕೆಯ ಬುದ್ಧಿಗೆ ಅನ್ಯಾಯವಾಗಿದೆ. ತತ್ತ್ವಜ್ಞಾನಿಯ ಕೆಲಸವಾದ ವಿವೇಚನೆಯನ್ನು ಆಕೆ ಅಡುಗೆಮನೆಯಲ್ಲಿ ಮಾಡಿದಳು. ಪ್ರತ್ಯೇಕ ಅಂಕಿತವುಳ್ಳ ವಚನಕಾರ್ತಿಯಾಗಿ ಆಕೆಯನ್ನು ಓದಬೇಕು.

ಬಸವಣ್ಣನವರ ಪಾತ್ರವನ್ನೂ ಇಲ್ಲಿ ಮರೆಯುವಂತಿಲ್ಲ. ಅಕ್ಕಿ ಹೆಚ್ಚು ಚೆಲ್ಲಿಸಿದ್ದು ಪರೀಕ್ಷೆಗೆಂದು ಕೆಲವರು, ಕರುಣೆಯಿಂದೆಂದು ಕೆಲವರು ಹೇಳುತ್ತಾರೆ. ಯಾವುದೇ ಇರಲಿ, ಲಕ್ಕಮ್ಮನ ಪ್ರಶ್ನೆ ಬಸವಣ್ಣನವರನ್ನೂ ಮುಟ್ಟುತ್ತದೆ. ಇವರ ಕಾಯಕ ಇವರಿಗೆ ಸಾಲದೇನೋ ಎಂಬ ಕನಿಕರದಲ್ಲಿಯೂ ಒಂದು ಸಂದೇಹವಿದೆ, ಆ ಸಂದೇಹ ಕೊಡುವವನ ಕೈಯಿಂದ ಕೊಳ್ಳುವವನ ಮನಸ್ಸಿಗೆ ಸಾಗುತ್ತದೆ. ದಾಸೋಹದ ಹೆಸರಿನಲ್ಲಿ ಕೊಡುವವರೆಲ್ಲರೂ ಈ ಮಾತನ್ನು ನೆನೆಯಬೇಕು. ಧರ್ಮದ ನಾಯಕನನ್ನೇ ಪ್ರಶ್ನಿಸುವ ಈ ಮಾತನ್ನು ಶೂನ್ಯಸಂಪಾದನಕಾರರು ಅಳಿಸಲಿಲ್ಲ, ಮೆತ್ತಗೂ ಮಾಡಲಿಲ್ಲ. ಆ ಗ್ರಂಥದ ದೊಡ್ಡತನಕ್ಕೆ ಇದೂ ಒಂದು ಸಾಕ್ಷಿ.

ಪ್ರಸಂಗದ ಮುಂದಿನ ಭಾಗ ಇನ್ನೂ ಅರ್ಥಪೂರ್ಣವಾದುದು. ಹೆಚ್ಚಿನದನ್ನು ಹಿಂದಿರುಗಿಸಿದ ಆ ಬಡ ದಂಪತಿಗಳು ಬಸವಣ್ಣನವರನ್ನೂ ಜಂಗಮ ಸಮೂಹವನ್ನೂ ತಮ್ಮ ಮನೆಗೆ ಪ್ರಸಾದಕ್ಕೆ ಆಹ್ವಾನಿಸಿದರೆಂದು ಪರಂಪರೆ ಹೇಳುತ್ತದೆ. ಅಲ್ಲಿ ಬರುವ ಲಕ್ಷಗಟ್ಟಲೆ ಸಂಖ್ಯೆಯನ್ನು ಕುರಿತು ತರ್ಕಮಾಡುತ್ತ ಕುಳಿತರೆ ಮುಖ್ಯವಾದುದು ಕೈತಪ್ಪುತ್ತದೆ. ನಾಳಿನ ಅಕ್ಕಿಯನ್ನು ಕೂಡಿಡುವವನ ಮನೆಗೆ ಅತಿಥಿ ಬಂದರೆ ಅವನಿಗೆ ಮೊದಲು ಕಾಣುವುದು ತನ್ನ ಗಡಿಗೆಯ ತಳ. ಅಂಜಿಕೆಯಲ್ಲಿರುವವನು ಯಾರನ್ನೂ ಊಟಕ್ಕೆ ಕರೆಯಲಾರ. ಕಲ್ಯಾಣಕ್ಕೆಲ್ಲ ಅನ್ನವಿಡುವ ಧೈರ್ಯ ಹೆಚ್ಚಿನದನ್ನು ಸುರಿದು ಬಂದವರಿಗೇ ಬಂದಿತೆಂಬ ಈ ರಚನೆ ಆಕಸ್ಮಿಕವಲ್ಲ. ಶುದ್ಧಚಿತ್ತದ ಕಾಯಕವಿದ್ದಲ್ಲಿ ಸಿರಿ ತಾನಾಗಿಯೇ ಇರುವುದೆಂಬ ಲಕ್ಕಮ್ಮನ ವಿಶ್ವಾಸಕ್ಕೆ ಕಥೆ ಕೊಟ್ಟ ರೂಪವದು.

ಇನ್ನು ಒಂದು ಗಂಭೀರವಾದ ಪ್ರಶ್ನೆ. ಇದ್ದುದರಲ್ಲಿ ತೃಪ್ತರಾಗಿರಿ, ನಾಳಿನ ಚಿಂತೆ ಬಿಡಿ ಎಂದು ಬಡವರಿಗೆ ಬೋಧಿಸಲು ಈ ಪ್ರಸಂಗ ಸಾಧನವಾಗುವುದಿಲ್ಲವೇ? ಆಗಿದೆ, ಆಗುತ್ತಲೂ ಇದೆ. ಉಳ್ಳವರ ವೇದಿಕೆಯಿಂದ ಇಲ್ಲದವರಿಗೆ ಲಕ್ಕಮ್ಮನ ಕಥೆ ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಈ ಮಾತನ್ನು ಆಡಿದವಳು ಸ್ವತಃ ಬಡವಿ, ಆಡಿದ್ದು ತನ್ನ ಗಂಡನಿಗೆ, ಪ್ರಶ್ನಿಸಿದ್ದು ಮಂತ್ರಿಯ ಪದವಿಯಲ್ಲಿದ್ದ ಬಸವಣ್ಣನನ್ನು. ಅದನ್ನು ತಿರುವಿ ಕೂಲಿಯವನ ಮೇಲೆ ಪ್ರಯೋಗಿಸುವುದು ವಚನಕ್ಕೆ ಬಗೆದ ಅಪಚಾರ. ದುಡಿಮೆಗೆ ತಕ್ಕ ಕೂಲಿ ಕೇಳುವುದು ಎರಡನೆಯ ಮನಸ್ಸಲ್ಲ. ರೈತ ಹಗೇವಿನಲ್ಲಿ ಜೋಳ ತುಂಬಿಡುವುದೂ, ಬೀಜಕ್ಕೆಂದು ಕಾಳನ್ನು ಕಟ್ಟಿಡುವುದೂ ಎರಡನೆಯ ಮನಸ್ಸಲ್ಲ. ಬೀಜದ ಕಾಳು ಮತ್ತೆ ಮಣ್ಣಿಗೆ ಹೋಗಲೆಂದೇ ಕಾದಿರುತ್ತದೆ. ಮಹಾಮನೆಯ ಅಂಗಳದ ಅಕ್ಕಿ ದಾಸೋಹದ ಅಕ್ಕಿ. ಅಲ್ಲಿ ಒಬ್ಬನ ಮಡಿಲಿಗೆ ಹೆಚ್ಚಾಗಿ ಬಂದರೆ ಇನ್ನೊಬ್ಬನ ಪಾಲು ಕಡಮೆಯಾಯಿತೆಂದೇ ಅರ್ಥ. ಮುಂದಾಲೋಚನೆಗೂ ಅಂಜಿಕೆಗೂ ಇರುವ ಗೆರೆಯನ್ನು ಎಳೆಯಬೇಕಾದದ್ದು ಇಲ್ಲಿಯೇ.

ಈ ಗೆರೆ ಎಷ್ಟು ಬೇಗ ಅಳಿಸಿಹೋಗುತ್ತದೆಂಬುದನ್ನು ೨೦೨೦ರ ಮಾರ್ಚ್ ತಿಂಗಳಲ್ಲಿ ನಾವೆಲ್ಲರೂ ಕಂಡೆವು. ಕೊರೋನಾ ಲಾಕ್‌ಡೌನಿನ ಸುದ್ದಿ ಬಂದೊಡನೆ ಅನುಕೂಲವಂತರು ಅಂಗಡಿಗಳಿಗೆ ಮುಗಿಬಿದ್ದು ತಿಂಗಳುಗಟ್ಟಲೆಯ ಅಕ್ಕಿ-ಬೇಳೆ ಹೊತ್ತು ತಂದರು. ಅವರು ದುಷ್ಟರಾಗಿರಲಿಲ್ಲ, ಮಾರಯ್ಯನಂತೆ ಮನೆಯವರನ್ನು ನೆನೆದೇ ತಂದರು. ಆ ದಿನಗಳಲ್ಲಿಯೇ ಕೂಲಿಕಾರರು ಗಂಟುಮೂಟೆ ಹೊತ್ತು ಹೆದ್ದಾರಿಗಳಲ್ಲಿ ನಡೆದು ಊರು ಸೇರುತ್ತಿದ್ದರು. ತಮ್ಮ ಮನೆಯ ಅಕ್ಕಿಯಲ್ಲಿಯೇ ಒಂದು ಪಾಲನ್ನು ಬೇಯಿಸಿ ದಾರಿಗೆ ತಂದು ನೀಡಿದವರೂ ಇದ್ದರು. ರೋಗದ ಸುದ್ದಿಯನ್ನು ಇಬ್ಬರೂ ಕೇಳಿದ್ದರು, ಅಪಾಯ ಇಬ್ಬರಿಗೂ ಇತ್ತು. ನೋಡುವ ಕಣ್ಣು ಬೇರೆಯಾಗಿತ್ತು.

ಇಂಥ ವಿಪತ್ತಿನ ದಿನಗಳ ಮಾತು ಹಾಗಿರಲಿ. ಸಾಧಾರಣ ದಿನಗಳಲ್ಲಿಯೂ ನಮ್ಮ ಬದುಕನ್ನು ಅಂಜಿಕೆಯೇ ಆಳುತ್ತಿದೆ. ಮನೆಯ ಬಾಗಿಲು ಯಾವ ದಿಕ್ಕಿಗಿರಬೇಕು, ರಾಹುಕಾಲ ಕಳೆಯಿತೇ, ಮಗಳ ಜಾತಕದಲ್ಲಿ ದೋಷವಿದೆಯೇ, ಮಗನ ಪರೀಕ್ಷೆಗೆ ಯಾವ ತಾಯಿತ ಕಟ್ಟಬೇಕು, ಎಂದು ಕೇಳುತ್ತ ಕೊರಳಲ್ಲಿ ಇಷ್ಟಲಿಂಗ ಧರಿಸಿದವರೇ ಅಲೆಯುತ್ತಾರೆ. ತನ್ನವರು ಕೇಳಿದ ಗಳಿಗೆಯೇ ಶುಭಗಳಿಗೆಯೆಂದು ಸಾರಿದ ಬಸವಣ್ಣನವರ ಹೆಸರನ್ನು ಲಗ್ನಪತ್ರಿಕೆಯ ತಲೆಯಲ್ಲಿ ಅಚ್ಚುಹಾಕಿಸಿ, ಕೆಳಗೆ ಮುಹೂರ್ತವನ್ನು ನಿಮಿಷಗಳ ಲೆಕ್ಕದಲ್ಲಿ ಬರೆಸುತ್ತಾರೆ. ಅಂಗದ ಮೇಲೆ ಲಿಂಗವಿದ್ದೂ ನಾಳೆಗೊಂದು ತಾಯಿತ ಬೇಕೆನ್ನುವುದು ಎರಡನೆಯ ಹಿಡಿ ಅಕ್ಕಿಯಲ್ಲದೆ ಮತ್ತೇನು?

ಭಕ್ತರನ್ನಷ್ಟೇ ಆಕ್ಷೇಪಿಸಿದರೆ ಈ ವಿಮರ್ಶೆ ಅರ್ಧವಾದೀತು. ಲಕ್ಕಮ್ಮನ ಕನ್ನಡಿಯಲ್ಲಿ ಮಠಗಳೂ ಮುಖ ನೋಡಿಕೊಳ್ಳಬೇಕು. ಅಂಜಿ ಬಂದವನಿಗೆ ಅರಿವು ಕೊಟ್ಟು ಕಳುಹಿಸುವುದು ಕಷ್ಟದ ಕೆಲಸ. ದಾರ ಕಟ್ಟಿ ಕಳುಹಿಸುವುದು ಸುಲಭ. ದಾರ ಕಟ್ಟಿಸಿಕೊಂಡವನು ಮತ್ತೆ ಬರುತ್ತಾನೆ, ಕಾಣಿಕೆಯೂ ಬರುತ್ತದೆ. ಭಕ್ತರ ಭಯ ಮಠದ ಬೆಳೆಯಾದರೆ ಆ ಮಠದಲ್ಲಿ ಅರಿವು ಬಿತ್ತುವವರು ಉಳಿಯುವುದಿಲ್ಲ. ಬೇರೊಂದು ದಾರಿಯೂ ನಮ್ಮ ಕಣ್ಣಮುಂದಿದೆ. ತುಮಕೂರಿನ ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳು ೨೦೧೯ರಲ್ಲಿ ಲಿಂಗೈಕ್ಯರಾಗುವವರೆಗೆ ಸಾವಿರಾರು ಮಕ್ಕಳಿಗೆ, ಜಾತಿ ಕೇಳದೆ, ಅನ್ನ-ಅಕ್ಷರ-ಆಶ್ರಯಗಳನ್ನು ನಡೆಸಿಕೊಂಡು ಬಂದರು. ರೈತರು ಒಕ್ಕಣೆಯ ಕಣದಿಂದ ಕೊಟ್ಟ ಧಾನ್ಯ ಒಲೆಗೆ ಹೋಗಿ ಮಕ್ಕಳ ತಟ್ಟೆಗೆ ಬಂದಿತು. ಒಳಗೆ ಬಂದದ್ದು ಹೊರಗೆ ಹರಿದುಹೋಗುವ ಕಣಜಕ್ಕೆ ಅಂಜಿಕೆಯ ಹುಳು ಹಿಡಿಯದು.

ಡಾ. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದ ಮೇಲೆ ನೂರು ವರ್ಷಗಳು ಸಂದಿವೆ. ವಚನಗಳು ಇಂದು ಯಾರಿಗೂ ದುರ್ಲಭವಲ್ಲ. ಓದುವ ಬಗೆ ಮಾತ್ರ ಇನ್ನೂ ನಮಗೆ ಒದಗಬೇಕಾಗಿದೆ. ಲಕ್ಕಮ್ಮನ ವಚನಗಳು ಸಂಖ್ಯೆಯಲ್ಲಿ ಅಲ್ಪ. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ವಾಚಕರು ಅವನ್ನು ಮನೆಯವರೆಲ್ಲ ಕೂಡಿ ಓದಲಿ. ಓದಿದ ಮೇಲೆ ಆ ದಿನ ಮನೆಯೊಳಗೆ ಬಂದುದನ್ನು ಒಮ್ಮೆ ನೆನೆಯಲಿ: ಹಣವಾಗಲಿ, ಮಾತಾಗಲಿ, ಮುಯ್ಯಾಗಲಿ, ಯಾವುದನ್ನು ಕಾಯಕದಿಂದ ತಂದೆವು, ಯಾವುದನ್ನು ನಾಳೆಗೆ ಅಂಜಿ ತಂದೆವು ಎಂದು. ಹೆಚ್ಚಿನದು ಕಂಡರೆ ಹಿಂದಿರುಗಿಸುವ ದಾರಿಯೂ ಕಾಣುತ್ತದೆ. ಮಹಾಮನೆಯ ಅಂಗಳ ಮಾರಯ್ಯನ ಮನೆಯಿಂದ ಬಹಳ ದೂರವಿರಲಿಲ್ಲ.