ಕಂಪ್ಲಿಯಿಂದ ನೋಡಿದ ‘ಹಿಂದಿ ಮೀಡಿಯಂ’

ನವೆಂಬರ್ ಬಂತು ಅಂದ್ರೆ ಬೆಂಗಳೂರಿನ ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಒಂದೇ ಮಾತು, ಸ್ಕೂಲ್ ಅಡ್ಮಿಷನ್. ಎಲ್ಲಿ ಅರ್ಜಿ ಬಿಟ್ಟಿದ್ದಾರೆ, ಎಲ್ಲಿ ಅಪ್ಪ-ಅಮ್ಮನಿಗೂ ಇಂಟರ್‌ವ್ಯೂ ಇದೆ, ಯಾರಿಗೆ ಯಾರು ಪರಿಚಯ. ಮಾತು ಮುಗಿಯೋದರೊಳಗೆ ಯಾರಾದರೊಬ್ಬರು ‘ಹಿಂದಿ ಮೀಡಿಯಂ ನೋಡಿದೀರಾ? ನಮ್ಮದೇ ಕತೆ’ ಅಂದೇ ಅಂತಾರೆ. ನಾನು ಮೂರು ಸಲ ನೋಡಿದೀನಿ. ಮೂರು ಸಲವೂ ಇಂಟರ್‌ವಲ್ ತನಕ ನಕ್ಕು, ಆಮೇಲೆ ಸಿಟ್ಟಾಗಿದೀನಿ.

ಸಾಕೇತ್ ಚೌಧರಿ ನಿರ್ದೇಶನದ ಈ ಸಿನಿಮಾ ಬಂದದ್ದು 2017ರಲ್ಲಿ. ದಿಲ್ಲಿಯ ಚಾಂದನಿ ಚೌಕದ ಬಟ್ಟೆ ಅಂಗಡಿ ಮಾಲೀಕ ರಾಜ್ ಬಾತ್ರಾಗೆ ದುಡ್ಡಿಗೆ ಕೊರತೆ ಇಲ್ಲ, ಇಂಗ್ಲಿಷ್ ಮಾತ್ರ ಬರಲ್ಲ. ಮಗಳು ಪಿಯಾಳನ್ನ ಒಳ್ಳೇ ಸ್ಕೂಲಿಗೆ ಸೇರಿಸಬೇಕು ಅಂತ ಹೆಂಡತಿಯ ಹಟ. ಅದಕ್ಕಾಗಿ ದೊಡ್ಡವರ ಬಡಾವಣೆಗೆ ಮನೆ ಬದಲಾಯಿಸ್ತಾರೆ, ಇಂಟರ್‌ವ್ಯೂಗೆ ತಯಾರಿ ಮಾಡಿಸೋ ಕನ್ಸಲ್ಟೆಂಟ್ ಹಿಡೀತಾರೆ. ಇಲ್ಲಿ ಇರ್ಫಾನ್ ಖಾನ್ ಮುಖ ನೋಡಬೇಕು. ಇಂಗ್ಲಿಷ್ ಮಾತಾಡೋರ ನಡುವೆ ಅವನು ಪೆದ್ದನಂತೆ ಆಡಲ್ಲ, ಎಲ್ಲರಿಗಿಂತ ಅರ್ಧ ಕ್ಷಣ ತಡವಾಗಿ ನಗ್ತಾನೆ ಅಷ್ಟೆ. ಬಿಇ ಮೊದಲ ಸೆಮಿಸ್ಟರ್‌ನಲ್ಲಿ ಕನ್ನಡ ಮೀಡಿಯಂನಿಂದ ಬಂದ ನಾವು ನಾಲ್ಕೈದು ಜನ ಹಿಂದಿನ ಬೆಂಚಲ್ಲಿ ಕೂತು ನಗ್ತಿದ್ದದ್ದು ಇದೇ ನಗು. ಜೋಕು ಅರ್ಥ ಆಗಿರಲ್ಲ, ಉಳಿದವರು ನಕ್ಕರು ಅಂತ ನಗೋದು. ಇದನ್ನ ಇಷ್ಟು ಸರಿಯಾಗಿ ಹಿಡಿದ ಇನ್ನೊಬ್ಬ ನಟನನ್ನ ನಾನು ಕಂಡಿಲ್ಲ.

ಅಂದಹಾಗೆ, ಇಂಥ ಇಂಟರ್‌ವ್ಯೂ ಕಾನೂನಿನ ಪ್ರಕಾರ ಇರಲೇಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಡೊನೇಷನ್ ಜೊತೆಗೆ ಮಗುವನ್ನ, ಅಪ್ಪ-ಅಮ್ಮನನ್ನ ಜರಡಿ ಹಿಡಿಯೋದನ್ನೂ ನಿಷೇಧಿಸಿದೆ. ಜರಡಿ ಹಿಡಿದರೆ ದಂಡ ಮೊದಲ ಸಲ 25,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲ 50,000. ಬೆಂಗಳೂರಿನ ಫೀಸು ಗೊತ್ತಿದ್ದವರಿಗೆ ಈ ಮೊತ್ತ ಯಾವ ಸ್ಕೂಲನ್ನೂ ಹೆದರಿಸಲ್ಲ ಅಂತ ಬಿಡಿಸಿ ಹೇಳಬೇಕಿಲ್ಲ. ಕಳೆದ ವರ್ಷ ಒಂದು ಸ್ಕೂಲಿನವರು ನಮ್ಮನ್ನ ಕರೆದಿದ್ದರು, ಇಂಟರ್‌ವ್ಯೂ ಅಲ್ಲವಂತೆ, ‘ಇಂಟರಾಕ್ಷನ್’ ಅಂತೆ. ಮನೇಲಿ ಮಗು ಜೊತೆ ಯಾವ ಭಾಷೆ ಮಾತಾಡ್ತೀರಿ ಅಂದರು. ಕನ್ನಡ ಅಂದೆ. ‘ಓನ್ಲಿ ಕನ್ನಡ?’ ಅಂದರು. ಸಿನಿಮಾದ ಮೊದಲರ್ಧ ನಿಂತಿರೋದು ಆ ‘ಓನ್ಲಿ’ ಮೇಲೆ.

ಎಡವಿರೋದು ಎರಡನೇ ಅರ್ಧದಲ್ಲಿ. ಬಡವರಿಗೆ ಮೀಸಲಾದ ಶೇ. 25ರ ಕೋಟಾದಲ್ಲಿ ಸೀಟು ಹೊಡೆಯೋಕೆ ರಾಜ್ ಕುಟುಂಬ ಬಡವರ ವೇಷ ಹಾಕಿ ಬಡವರ ಬಸ್ತಿಗೆ ಬರುತ್ತೆ. ಪಕ್ಕದ ಮನೆಯ ಶ್ಯಾಮ್ ಪ್ರಕಾಶ್ ಅವರಿಗೆ ಬಡತನ ಕಲಿಸ್ತಾನೆ. ರಾಜ್‌ಗೆ ದುಡ್ಡು ಹೊಂದಿಸಿಕೊಡೋಕೆ ಕಾರಿಗೇ ಅಡ್ಡ ಬೀಳ್ತಾನೆ. ದೀಪಕ್ ದೋಬ್ರಿಯಾಲ್ ಚೆನ್ನಾಗೇ ಮಾಡಿದ್ದಾರೆ, ಆದ್ರೆ ಪಾತ್ರದಲ್ಲಿ ಒಳ್ಳೇತನ ಬಿಟ್ಟು ಬೇರೇನೂ ಇಟ್ಟಿಲ್ಲ. ಲಾಟರಿಯಲ್ಲಿ ಸೀಟು ಪಿಯಾಗೆ ಬರುತ್ತೆ, ಶ್ಯಾಮ್ ಮಗ ಮೋಹನ್‌ಗೆ ಬರಲ್ಲ. ಪಶ್ಚಾತ್ತಾಪಕ್ಕೆ ರಾಜ್ ಸರ್ಕಾರಿ ಶಾಲೆಗೆ ದುಡ್ಡು ಸುರೀತಾನೆ, ದೊಡ್ಡ ಸ್ಕೂಲಿನ ವೇದಿಕೆ ಹತ್ತಿ ಭಾಷಣ ಮಾಡ್ತಾನೆ, ಮಗಳನ್ನ ಬಿಡಿಸಿ ಸರ್ಕಾರಿ ಶಾಲೆಗೇ ಹಾಕ್ತಾನೆ.

ಈ ತ್ಯಾಗ ರಾಜ್‌ಗೆ ಕೈಗೆಟುಕೋ ತ್ಯಾಗ. ಇಂಗ್ಲಿಷ್ ಬರದಿದ್ರೂ ಪಿಯಾಗೆ ಅಪ್ಪನ ಅಂಗಡಿ ಇದೆ, ಮೋಹನ್‌ಗೆ ಏನಿದೆ? ಸಿನಿಮಾ ಇಂಗ್ಲಿಷ್ ಆಸೆಯನ್ನ ಒಂದು ಕಾಯಿಲೆ ಅಂತ ತೋರಿಸುತ್ತೆ. ಶ್ರೀಮಂತನಿಗೆ ಅದು ಕಾಯಿಲೆ ಇರಬಹುದು. ಶ್ಯಾಮ್‌ಗೂ ಕಾಯಿಲೆಯಾ? ಅವನನ್ನ ಯಾರೂ ಕೇಳಲ್ಲ. ದಾನಿ ಸಿಕ್ಕ, ಶಾಲೆ ಸುಧಾರಿಸ್ತು, ಶುಭಂ.

ಕರ್ನಾಟಕದಲ್ಲಾದರೆ ಈ ಕತೆ ಇಂಟರ್‌ವಲ್‌ಗೇ ನಿಂತುಹೋಗ್ತಿತ್ತು. 2018ರ ಕೊನೆಗೆ ನಮ್ಮ ಸರ್ಕಾರ ಆರ್‌ಟಿಇ ನಿಯಮ ತಿದ್ದಿ, ನೆರೆಹೊರೆಯಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಿಲ್ಲ ಅಂದಿತು. 2019ರಲ್ಲಿ ಹೈಕೋರ್ಟೂ ಅದನ್ನ ಎತ್ತಿಹಿಡೀತು. ಹೀಗಾಗಿ ಇಲ್ಲಿನ ಶ್ಯಾಮ್‌ಗೆ ಲಾಟರಿ ಚೀಟಿಯೂ ಹೆಚ್ಚೂಕಡಿಮೆ ಇಲ್ಲ, ಜೇಬಿಂದ ಕಟ್ಟಬೇಕು.

ಕಟ್ತಿದ್ದಾರೆ ಕೂಡ. ಕಂಪ್ಲಿ ಹತ್ತಿರದ ನಮ್ಮೂರಲ್ಲಿ ಅಣ್ಣ ಭತ್ತ ಬೆಳೀತಾನೆ. ಅವನ ಮಗ ಹೊಸಪೇಟೆಯ ಇಂಗ್ಲಿಷ್ ಮೀಡಿಯಂ ಸ್ಕೂಲಿಗೆ ಹೋಗ್ತಾನೆ. ಬೆಳಗಾದ್ರೆ ವ್ಯಾನು ಬುಕ್ಕಸಾಗರ, ಕಮಲಾಪುರ ದಾಟಿ ಓಡುತ್ತೆ. ಹಂಪಿ ನೋಡೋಕೆ ಜಗತ್ತೇ ಬರುತ್ತೆ, ನಮ್ಮ ಹುಡುಗ ಅದರ ಪಕ್ಕದಲ್ಲೇ ದಿನಾ ತೂಕಡಿಸ್ತಾ ಹೋಗ್ತಾನೆ. ಸಂಡೂರಿನ ಕಡೆ ಗಣಿ ಲಾರಿ ಓಡಿಸೋರ ಲೆಕ್ಕಾಚಾರವೂ ಇದೇ. ಊರ ಸಾಲಿ ಚೆನ್ನಾಗಿಲ್ವಾ ಅಂತ ಒಮ್ಮೆ ಫೋನ್‌ನಲ್ಲಿ ಕೇಳಿದೆ. ‘ಚಲೋನೇ ಐತಿ, ನೀನೂ ಅಲ್ಲೇ ಓದೀದಿ. ನಿನ್ನ ಮಗಳನ್ನ ಕಳಿಸು, ನನ್ನ ಮಗನ್ನೂ ಆಕಿ ಪಕ್ಕಕ್ಕ ಕುಂದ್ರಸ್ತೀನಿ’ ಅಂದ. ಇರ್ಫಾನ್ ಭಾಷಣಕ್ಕೆ ಇದಕ್ಕಿಂತ ಒಳ್ಳೇ ವಿಮರ್ಶೆ ನಾನು ಓದಿಲ್ಲ.

ನಮ್ಮ ಕನ್ನಡದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಬಂದದ್ದು ಮರುವರ್ಷ, 2018ರಲ್ಲಿ. ರಿಷಬ್ ಶೆಟ್ಟರ ಈ ಸಿನಿಮಾಗೆ ರಾಷ್ಟ್ರ ಪ್ರಶಸ್ತಿಯೂ ಬಂತು. ಮಕ್ಕಳ ವಿಷಯದಲ್ಲಿ ಅದು ‘ಹಿಂದಿ ಮೀಡಿಯಂ’ಗಿಂತ ಎಷ್ಟೋ ಮೇಲು, ಅಲ್ಲಿನ ಮಕ್ಕಳು ನಿಜವಾದ ಮಕ್ಕಳು. ಆದ್ರೆ ಅದರ ಜಗಳ ಮಲಯಾಳಂ ಜೊತೆ, ಇಂಗ್ಲಿಷ್ ಜೊತೆ ಅಲ್ಲ. ಗಡಿಯ ಕನ್ನಡಿಗರಿಗೆ ಅದು ನ್ಯಾಯವಾದ ಜಗಳವೇ. ಮಲ್ಟಿಪ್ಲೆಕ್ಸ್‌ನಲ್ಲಿ ಅನಂತ್ ನಾಗ್ ಮಾತಿಗೆ ಚಪ್ಪಾಳೆ ಹೊಡೆದ ನಮಗೆ ಮಾತ್ರ ಅದರಿಂದ ಏನೂ ತೊಂದರೆ ಆಗಲಿಲ್ಲ. ಸೋಮವಾರ ಬೆಳಿಗ್ಗೆ ಎಲ್ಲರ ಮಕ್ಕಳೂ ಅದೇ ಹಳದಿ ಬಸ್ ಹತ್ತಿದವು.

2019ರ ಜನವರಿಯಲ್ಲಿ, ಧಾರವಾಡದ ಸಾಹಿತ್ಯ ಸಮ್ಮೇಳನದಲ್ಲಿ, 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯೋ ಯೋಜನೆಗೆ ಜೋರು ವಿರೋಧ ಬಂತು. ಆದರೂ ಆ ವರ್ಷವೇ ತರಗತಿ ಶುರುವಾದವು. ಮಗು ಮೊದಲು ಮನೆಮಾತಲ್ಲಿ ಕಲೀಬೇಕು ಅನ್ನೋ ವಾದ ನಾನೂ ಒಪ್ತೀನಿ. ಆದ್ರೆ ಯಾರೂ ತೆಗೆಯದ ಸಿನಿಮಾ ಆ ತರಗತಿಗಳಲ್ಲಿದೆ. ದಾನಿ ಇಲ್ಲ, ಭಾಷಣ ಇಲ್ಲ. ಕನ್ನಡ ಮೀಡಿಯಂನಲ್ಲೇ ಓದಿದ ಮೇಷ್ಟ್ರು ಬೋರ್ಡಿನ ಮೇಲೆ ಇಂಗ್ಲಿಷ್ ವಾಕ್ಯ ಬರೆದು, ಅದು ಸರಿನಾ ಅಂತ ತಾವೇ ಒಂದು ಕ್ಷಣ ನಿಂತು ನೋಡ್ತಾರೆ. ಕಿಟಕಿ ಹೊರಗೆ, ಗದ್ದೆ ಕೆಲಸ ಬಿಟ್ಟು ಬಂದ ಒಬ್ಬ ಅಪ್ಪ. ಒಳಗೆ ಮಕ್ಕಳೆಲ್ಲ ನಗ್ತಾರೆ, ಅರ್ಧ ಕ್ಷಣ ತಡವಾಗಿ ಅವನೂ ನಗ್ತಾನೆ. ಆ ಪಾತ್ರಕ್ಕೆ ಇರ್ಫಾನ್ ಇರಬೇಕಿತ್ತು.